ಮುದ್ರೆ ಬಿದ್ದ ಆರೋಗ್ಯ

ಎರಡೂ ಎಂಜಿನ್ ಆರಿಸಿ, ವಿಮಾನಕ್ಕೆ ಆಕಾಶದಲ್ಲೇ ಲಾಗ ಹಾಕಿಸಿ, ಮೆತ್ತಗೆ ರನ್‌ವೇಗೆ ತಂದಿಳಿಸುವುದರಲ್ಲಿ ಅಮೆರಿಕದ ಬಾಬ್ ಹೂವರ್ ಎತ್ತಿದ ಕೈ. 1990ರ ದಶಕದ ಆರಂಭದಲ್ಲಿ, ಅವರಿಗೆ ಎಪ್ಪತ್ತರ ಆಸುಪಾಸಿನಲ್ಲಿ, ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಅವರ ಮೆಡಿಕಲ್ ಸರ್ಟಿಫಿಕೇಟನ್ನು ಕಿತ್ತುಕೊಂಡಿತು. ಬುದ್ಧಿಯ ಚುರುಕು ಕುಂದಿದೆ ಎಂಬುದು ಆಕ್ಷೇಪ. ಅದೇ ಹೂವರ್‌ಗೆ ಆಸ್ಟ್ರೇಲಿಯಾ ಹಾರಲು ಅನುಮತಿ ಕೊಟ್ಟಿತು. ಜಗ್ಗಾಟ ಮುಗಿದು 1995ರಲ್ಲಿ ಎಫ್‌ಎಎ ಕೂಡ ಕಾಗದ ಹಿಂದಿರುಗಿಸಿತು.

ಹೂವರ್ ಬೆನ್ನಿಗೆ ಎಫ್. ಲೀ ಬೈಲಿಯಂಥ ಹೆಸರಾಂತ ವಕೀಲರಿದ್ದರು. ಭಾನುವಾರ ಬೆಳಿಗ್ಗೆ ಬಾಡಿಗೆ ಸೆಸ್ನಾದಲ್ಲಿ ಊರ ಮೇಲೊಂದು ಸುತ್ತು ಹಾಕಿ ತಿಂಡಿಗೆ ಮನೆಗೆ ಬರುವ ನಿವೃತ್ತ ಮೇಷ್ಟ್ರಿಗೆ ಯಾರಿದ್ದಾರೆ?

ಇಂಥವರಿಗೆಂದು ಇರುವುದು ಮೂರನೇ ದರ್ಜೆಯ ಮೆಡಿಕಲ್. ನಲವತ್ತರೊಳಗಿನವರಿಗೆ ಐದು ವರ್ಷ, ದಾಟಿದವರಿಗೆ ಎರಡು ವರ್ಷ ಬಾಳುತ್ತದೆ. ಎಫ್‌ಎಎ ನೇಮಿಸಿದ ವೈದ್ಯರು ಕಣ್ಣು, ಕಿವಿ, ರಕ್ತದೊತ್ತಡ, ಮೂತ್ರ ನೋಡುತ್ತಾರೆ. ಹಳೆಯ ಕಾಯಿಲೆಗಳನ್ನು ಕೇಳುತ್ತಾರೆ. ಸಾಮಾನ್ಯವಾಗಿ ಇಸಿಜಿ ಇಲ್ಲ! ಹಾರುವಾಗ ಹೃದಯ ನಿಂತರೆ ಗತಿಯೇನು ಎಂಬ ಭಯದ ಮೇಲೆ ನಿಂತ ವ್ಯವಸ್ಥೆ, ಅರವತ್ತರ ಪೈಲಟ್‌ನ ಹೃದಯವನ್ನು ಸ್ಟೆತಸ್ಕೋಪಿನಲ್ಲಿ ಕೇಳಿ ಸುಮ್ಮನಾಗುತ್ತದೆ.

ಇನ್ನು ಅಪಾಯ ನಿಜವಾಗಿ ಎಲ್ಲಿಂದ ಬರುತ್ತದೆ ನೋಡಿ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 1990ರಿಂದ 2012ರವರೆಗೆ ಅಪಘಾತದಲ್ಲಿ ಸತ್ತ ಪೈಲಟ್‌ಗಳ ದೇಹದಲ್ಲಿ ಸಿಕ್ಕ ಔಷಧಗಳನ್ನು ಅಧ್ಯಯನ ಮಾಡಿ 2014ರಲ್ಲಿ ವರದಿ ಕೊಟ್ಟಿತು. ಮಂಪರು ತರಿಸುವ ಔಷಧಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಡೈಫೆನ್‌ಹೈಡ್ರಮೈನ್. ನೆಗಡಿಗೆ, ಅಲರ್ಜಿಗೆ, ನಿದ್ದೆಗೆ ಅಲ್ಲಿ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವ ಮಾತ್ರೆ. ಹೋದ ವರ್ಷ ಪಡೆದ ಸರ್ಟಿಫಿಕೇಟಿಗೆ ಇಂದು ಬೆಳಿಗ್ಗೆ ನುಂಗಿದ ಮಾತ್ರೆ ಹೇಗೆ ಗೊತ್ತಾಗಬೇಕು? ಮೈ ಸರಿಯಿಲ್ಲದ ದಿನ ಹಾರಕೂಡದು ಎಂಬ ನಿಯಮವೇನೋ ಇದೆ. ಅದನ್ನು ಪಾಲಿಸಬೇಕಾದವನು ಪೈಲಟ್ ಒಬ್ಬನೇ.

ನನ್ನ ದೊಡ್ಡ ತಕರಾರು ಬೇರೆ. ಈ ಪರೀಕ್ಷೆ ಸುಳ್ಳು ಹೇಳಿಸುತ್ತದೆ. ಎದುರಿಗೆ ಕೂತ ವೈದ್ಯರು ತೀರ್ಪುಗಾರರೂ ಆಗಿರುವಾಗ ಎದೆನೋವಿನ ಮಾತು, ಖಿನ್ನತೆಯ ಮಾತು ಬಾಯಿಗೆ ಬರುವುದಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಪೈಲಟ್‌ಗಳ ಪಟ್ಟಿಯನ್ನು ಅಂಗವೈಕಲ್ಯ ಭತ್ಯೆ ಪಡೆಯುವವರ ಪಟ್ಟಿಯೊಡನೆ ತನಿಖಾಧಿಕಾರಿಗಳು ತಾಳೆ ನೋಡಿದರು. ಒಂದು ಕಚೇರಿಗೆ ಕಾಯಿಲೆ ಹೇಳಿ, ಇನ್ನೊಂದಕ್ಕೆ ಗಟ್ಟಿಮುಟ್ಟಾಗಿದ್ದೇನೆ ಎಂದವರು ಸಿಕ್ಕಿಬಿದ್ದರು. ಅವರಲ್ಲೊಬ್ಬರು ಮುಚ್ಚಿಟ್ಟದ್ದು ಎಚ್‌ಐವಿ. ಖಾಸಗಿ ಮಾಹಿತಿ ಬಯಲಾದ ಬಗ್ಗೆ ಅವರು ಹೂಡಿದ ದಾವೆ 2012ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಯಿತು. 2004ರಲ್ಲಿ ಸ್ಪೋರ್ಟ್ ಪೈಲಟ್ ನಿಯಮ ಬಂದು, ಎರಡು ಸೀಟಿನ ಪುಟ್ಟ ವಿಮಾನಕ್ಕೆ ಡ್ರೈವಿಂಗ್ ಲೈಸೆನ್ಸ್ ಸಾಕು ಎಂದಾಗಲೂ ಈ ಓರೆ ಉಳಿಯಿತು: ಮೆಡಿಕಲ್ ಕೇಳಿ ಇಲ್ಲವೆನಿಸಿಕೊಂಡವನು ಹಾರುವಂತಿಲ್ಲ, ತಾನು ಸರಿಯಿದ್ದೇನೆಂದು ನಂಬಿ ಕೇಳಲೇ ಹೋಗದವನು ಹಾರಬಹುದು.

2017ರ ಮೇ 1ರಿಂದ ಮೂರನೇ ದರ್ಜೆಗೆ ಪರ್ಯಾಯವಾಗಿ ಜಾರಿಯಾದ ಬೇಸಿಕ್‌ಮೆಡ್ ನನಗೆ ಮೆಚ್ಚುಗೆಯಾಗುವುದು ಇಲ್ಲಿಯೇ. ನಾಲ್ಕು ವರ್ಷಕ್ಕೊಮ್ಮೆ ಲೈಸೆನ್ಸಿರುವ ಯಾವ ವೈದ್ಯರ ಬಳಿಯಾದರೂ ಪರೀಕ್ಷೆ ಮಾಡಿಸಿಕೊಳ್ಳಬಹುದು. ಎರಡು ವರ್ಷಕ್ಕೊಮ್ಮೆ ಆನ್‌ಲೈನ್ ಪಾಠ. ವೈದ್ಯರು ತುಂಬಿದ ಪಟ್ಟಿ ಎಫ್‌ಎಎಗೆ ಹೋಗುವುದಿಲ್ಲ, ಪೈಲಟ್‌ನ ಬಳಿಯೇ ಇರುತ್ತದೆ. ಬಹುಕಾಲದಿಂದ ಬಲ್ಲ ಡಾಕ್ಟರು ಸಹಿ ಹಾಕಲು ಹಿಂಜರಿದರೆ ಆ ಹಿಂಜರಿಕೆಗೆ ಬೆಲೆ ಹೆಚ್ಚು. 2021ರಲ್ಲಿ ಎಫ್‌ಎಎ ಕಾಂಗ್ರೆಸ್‌ಗೆ ಕೊಟ್ಟ ವರದಿಯಲ್ಲಿ ಬೇಸಿಕ್‌ಮೆಡ್ ಪೈಲಟ್‌ಗಳಿಗೂ ಮೂರನೇ ದರ್ಜೆಯವರಿಗೂ ಅಪಘಾತದ ವಿಷಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಸರ್ಟಿಫಿಕೇಟೇ ಬೇಡವೆ? ಬೇಸಿಕ್‌ಮೆಡ್ ಕಾನೂನಿಗೆ ಸಹಿ ಬಿದ್ದು ಹದಿನೈದೇ ದಿನಕ್ಕೆ, 2016ರ ಜುಲೈ 30ರಂದು, ಟೆಕ್ಸಸ್‌ನ ಲಾಕ್‌ಹಾರ್ಟ್ ಬಳಿ ಬಿಸಿಗಾಳಿ ಬಲೂನೊಂದು ವಿದ್ಯುತ್ ತಂತಿಗೆ ತಗುಲಿ 16 ಮಂದಿ ಸತ್ತರು. ಹವಾಮಾನ ಕೆಟ್ಟಿದ್ದರೂ ಹಾರಿದ್ದು ಪೈಲಟ್‌ನ ತಪ್ಪು. ಅದರ ಜೊತೆಗೆ ಅವನ ಕಾಯಿಲೆಗಳೂ ಔಷಧಗಳೂ ಕಾರಣವೆಂದು ತನಿಖೆ ಹೇಳಿತು. ಬಲೂನಿನವರಿಗೆ ಆಗ ಮೆಡಿಕಲ್ ಬೇಕಿರಲಿಲ್ಲ. ಹಣ ಪಡೆದು ಜನರನ್ನು ಹಾರಿಸುವ ಬಲೂನಿನವರಿಗೆ ಎರಡನೇ ದರ್ಜೆಯ ಮೆಡಿಕಲ್ ಕಡ್ಡಾಯ ಮಾಡುವ ನಿಯಮ 2022ರಲ್ಲಿ ಬಂತು. ತಡವಾದರೂ ಸರಿಯಾದ ಗೆರೆ. ಟಿಕೆಟ್ ಕೊಂಡು ಹತ್ತಿದವನು ಪೈಲಟ್‌ನ ಮುಖ ನೋಡಿ ಆರೋಗ್ಯ ಅಳೆಯಲಾರ.

ಬೇಸಿಕ್‌ಮೆಡ್ ಪೈಲಟ್‌ನ ವಿಮಾನದಲ್ಲಿ ಕೂರುವವರು ಟಿಕೆಟ್ ಕೊಂಡವರಲ್ಲ, ಹೆಂಡತಿ, ಮೊಮ್ಮಗ, ಸ್ನೇಹಿತ. ಮೊದಲು ಐವರು ಪ್ರಯಾಣಿಕರು, ಸುಮಾರು 2,720 ಕಿಲೋ ಭಾರದ ವಿಮಾನ ಎಂಬ ಮಿತಿಯಿತ್ತು. 2024ರ ಕಾನೂನು ಅದನ್ನು ಆರು ಜನಕ್ಕೆ, ಸುಮಾರು 5,670 ಕಿಲೋಗೆ ಏರಿಸಿತು. ನಮ್ಮ ಮೇಷ್ಟ್ರು ಹಾರಿಸುವ ಸೆಸ್ನಾ 172ರ ಐದು ಪಟ್ಟು ತೂಕ ಅದು! 2021ರ ವರದಿಯ ಲೆಕ್ಕ ಹಳೆಯ ಮಿತಿಯದ್ದು, ಈ ವಿಮಾನಗಳಿಗೆ ಅದು ಸಾಕ್ಷಿಯಾಗದು. ಹೊಸ ಲೆಕ್ಕ ಬರುವವರೆಗೆ ಹಳೆಯ ಮಿತಿಯನ್ನೇ ಉಳಿಸಿಕೊಳ್ಳಬೇಕಿತ್ತು.