‘2.0’: ಹಿಗ್ಗಿದ ಹಕ್ಕಿ, ಕುಗ್ಗಿದ ಕಥೆ

ಗೆದ್ದ ಚಿತ್ರವೊಂದರ ಪಾತ್ರಗಳನ್ನು ಮರಳಿ ತಂದು ಕಥೆಯನ್ನು ಮುಂದುವರಿಸುವ ಚಿತ್ರಕ್ಕೆ, ಅಂದರೆ ಉತ್ತರಭಾಗಕ್ಕೆ, ಮೊದಲ ಚಿತ್ರ ಎತ್ತಿದ ಪ್ರಶ್ನೆಯನ್ನು ಇನ್ನಷ್ಟು ಆಳಕ್ಕೆ ಒಯ್ಯುವ ಹೊಣೆಯಿರುತ್ತದೆ. ಶಂಕರ್ ನಿರ್ದೇಶನದ ‘ಎಂದಿರನ್’ (2010) ಯಂತ್ರ ಯೋಚಿಸತೊಡಗಿದರೆ ಏನಾಗುತ್ತದೆಂಬ ಪ್ರಶ್ನೆಯನ್ನು ಎತ್ತಿತ್ತು. 2018ರ ನವೆಂಬರ್ 29ರಂದು ತೆರೆಕಂಡ ‘2.0’ ಆ ಪ್ರಶ್ನೆಯನ್ನು ಕೈಬಿಟ್ಟು, ಅದನ್ನು ಹೊತ್ತಿದ್ದ ಯಂತ್ರವನ್ನಷ್ಟೇ ಉಳಿಸಿಕೊಂಡಿತು.

ನಾಯಕನದೇ ಮುಖವುಳ್ಳ ಯಂತ್ರಮಾನವ ಕನ್ನಡ ಪ್ರೇಕ್ಷಕರಿಗೆ ಹೊಸಬನೇನಲ್ಲ. ಉಪೇಂದ್ರ ನಟಿಸಿದ ‘ಹಾಲಿವುಡ್’ 2002ರಲ್ಲೇ ಅವನನ್ನು ತೆರೆಗೆ ತಂದಿತ್ತು. ಆದರೆ ‘ಎಂದಿರನ್’ನ ಚಿಟ್ಟಿಗೆ ಬಲ ಬಂದದ್ದು ಅವನ ತಿಳಿಗೇಡಿತನದಿಂದ. ಹೇಳಿದ್ದನ್ನು ಅಕ್ಷರಶಃ ಪಾಲಿಸುತ್ತಿದ್ದ ಯಂತ್ರಕ್ಕೆ ಭಾವನೆ ಕಲಿಸಿದೊಡನೆ ಅದು ತನ್ನನ್ನು ಸೃಷ್ಟಿಸಿದವನ ಪ್ರೇಯಸಿ ಸನಾಳನ್ನೇ ಬಯಸುತ್ತದೆ, ಬಯಕೆ ಕೈಗೂಡದಾಗ ಹಿಂಸೆಗೆ ಇಳಿಯುತ್ತದೆ, ಕೊನೆಗೆ ತನ್ನ ಅಂಗಗಳನ್ನು ತಾನೇ ಒಂದೊಂದಾಗಿ ಬಿಚ್ಚಿಡುತ್ತದೆ. ವಸ್ತುಸಂಗ್ರಹಾಲಯ ಸೇರಿದ ಅದು, ತನ್ನನ್ನು ಕಳಚಿದ್ದೇಕೆಂದು ಕೇಳಿದ ಶಾಲಾ ಬಾಲಕಿಗೆ, ತಾನು ಯೋಚಿಸತೊಡಗಿದ್ದೇ ಕಾರಣವೆಂದು ಉತ್ತರಿಸುತ್ತದೆ. ಈ ಚಿತ್ರದ ಸಂಭಾಷಣೆಯಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ, 2008ರಲ್ಲಿ ತೀರಿಕೊಂಡ ತಮಿಳು ಲೇಖಕ ಸುಜಾತಾ ಅವರ ಪಾಲಿತ್ತು. ಯಂತ್ರದ ತರ್ಕವನ್ನೇ ಹಾಸ್ಯಕ್ಕೂ ದುರಂತಕ್ಕೂ ದುಡಿಸುವ ಜಾಣ್ಮೆ ಅಲ್ಲಿ ಕಾಣುತ್ತದೆ.

‘2.0’ದಲ್ಲಿ ಯೋಚಿಸಿದ ತಪ್ಪಿಗೆ ಕಳಚಲ್ಪಟ್ಟ ಆ ಯಂತ್ರವನ್ನು ಮತ್ತೆ ಜೋಡಿಸುತ್ತಾರೆ, ಆದರೆ ಯಾರೂ ಅದರ ಯೋಚನೆಯನ್ನು ವಿಚಾರಿಸುವುದಿಲ್ಲ. ಮೊದಲ ಚಿತ್ರದಲ್ಲಿ ಬಿಕ್ಕಟ್ಟಿನ ಕೇಂದ್ರವಾಗಿದ್ದ ಸನಾ ಇಲ್ಲಿ ಫೋನಿನ ಧ್ವನಿಯಾಗಿ ಉಳಿಯುತ್ತಾಳೆ. ಊರಿನ ಮೊಬೈಲುಗಳೆಲ್ಲ ಕೈಜಾರಿ ಆಕಾಶಕ್ಕೆ ಹಾರಿ, ಒಟ್ಟುಗೂಡಿ ದೈತ್ಯ ಹಕ್ಕಿಯಾಗುವ ಕಲ್ಪನೆ ನಿಜಕ್ಕೂ ಸೊಗಸಾದದ್ದು; ಅದರ ಹಿಂದಿರುವ ಪಕ್ಷಿರಾಜನ್, ಅಂದರೆ ಹಕ್ಕಿಗಳ ಸಾವಿಗೆ ಮರುಗಿ ಮೊಬೈಲ್ ಗೋಪುರಕ್ಕೆ ನೇಣು ಹಾಕಿಕೊಂಡ ವೃದ್ಧ ಪಕ್ಷಿತಜ್ಞ, ಇಡೀ ಚಿತ್ರದಲ್ಲಿ ನೋವುಳ್ಳ ಒಂದೇ ಜೀವ. ಅಕ್ಷಯ್ ಕುಮಾರ್ ಆ ಪಾತ್ರವನ್ನು ತೂಕವರಿತು ನಿರ್ವಹಿಸಿದ್ದಾರೆ. ಹೀಗಿದ್ದೂ ಚಿತ್ರ ಅವನ ವಾದಕ್ಕೆ ಉತ್ತರ ಹುಡುಕುವುದಿಲ್ಲ. ಅಂತ್ಯದಲ್ಲಿ 3.0 ಎಂಬ ಪುಟ್ಟ ಯಂತ್ರಗಳು ಪಾರಿವಾಳಗಳ ಮೇಲೆ ಕುಳಿತು ಬಂದು, ಆ ಪಾರಿವಾಳಗಳ ಪ್ರಾಣವನ್ನೇ ಒತ್ತೆಯಿಟ್ಟು ಅವನನ್ನು ಮಣಿಸುತ್ತವೆ. ಹಕ್ಕಿಗಳಿಗಾಗಿ ಕಣ್ಣೀರು ಸುರಿಸಿದ ಚಿತ್ರವೊಂದು ಹಕ್ಕಿಗಳನ್ನೇ ಅಡವಿಟ್ಟು ಗೆಲ್ಲುವುದು ಎಂಥ ನ್ಯಾಯವೆಂಬ ಅನುಮಾನ ಅದಕ್ಕೆ ಹೊಳೆದಂತೆಯೇ ಕಾಣದು. ಆಮೇಲೆ ಪಕ್ಷಿರಾಜನ್ ಹೇಳಿದ್ದರಲ್ಲೂ ಹುರುಳಿತ್ತೆಂದು ಒಂದು ಮಾತು ಆಡಿ ಮುಗಿಸುತ್ತದೆ.

ಈ ಕೊರತೆಯನ್ನು ಅಳೆಯಲು ಪುಣೆ ಮತ್ತು ಅದರ ಆಸುಪಾಸಿನಲ್ಲಿ ಎರಡು ಮಾನದಂಡಗಳು ದೊರೆಯುತ್ತವೆ, ಒಂದು ಸಿನಿಮಾದ್ದು, ಇನ್ನೊಂದು ವಿಜ್ಞಾನದ್ದು. ಕೊಲ್ಹಾಪುರದಿಂದ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಫಿಲ್ಮ್ ಕಂಪನಿ 1936ರಲ್ಲಿ ದಾಮ್ಲೆ ಮತ್ತು ಫತ್ತೇಲಾಲ್ ನಿರ್ದೇಶನದ ‘ಸಂತ ತುಕಾರಾಮ್’ ಚಿತ್ರವನ್ನು ಹೊರತಂದಿತು. ಅದರ ಕೊನೆಯಲ್ಲೂ ಬೃಹತ್ ಹಕ್ಕಿಯೊಂದಿದೆ: ತುಕಾರಾಮನನ್ನು ವೈಕುಂಠಕ್ಕೆ ಹೊತ್ತೊಯ್ಯುವ ಗರುಡವಾಹನ. ಇಂದಿನ ಕಣ್ಣಿಗೆ ಆ ತಂತ್ರ ಸರಳವಾಗಿ ಕಂಡರೂ ದೃಶ್ಯ ಮನಸ್ಸನ್ನು ತಟ್ಟುತ್ತದೆ. ಏಕೆಂದರೆ ಜೊತೆಗೆ ಹೋಗದೆ ಮಕ್ಕಳು ಮರಿ, ಅಡುಗೆಯೆಂದು ಉಳಿದುಕೊಳ್ಳುವ ಹೆಂಡತಿ ಜಿಜಾಯಿಯ ಪಾಲಿಗೆ ಆ ಪವಾಡವು ಅಗಲಿಕೆಯೂ ಹೌದು. ‘2.0’ದ ಹಕ್ಕಿ ಹಾರಿದಾಗ ಹೀಗೆ ಕಳೆದುಕೊಳ್ಳುವವರು ನೆಲದ ಮೇಲೆ ಯಾರೂ ಇಲ್ಲ, ಬರೀ ಫೋನು ಕಳೆದುಕೊಂಡ ಜನಜಂಗುಳಿಯಿದೆ. ಪ್ರಭಾತ್‌ನ ಆವರಣದಲ್ಲೇ ಮುಂದೆ ನೆಲೆಗೊಂಡ ಭಾರತೀಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಕಲಿತ ರಸೂಲ್ ಪೂಕುಟ್ಟಿ ‘2.0’ದ ಧ್ವನಿವಿನ್ಯಾಸ ಮಾಡಿದವರು. ಆಸನಗಳ ಕೆಳಗಿಂದಲೂ ಸದ್ದು ಕೇಳಿಸುವ ವ್ಯವಸ್ಥೆ ಅದಕ್ಕಾಗಿ ರೂಪುಗೊಂಡಿತು. ಕುಸುರಿಯಲ್ಲಿ ಕೊರತೆಯಿಲ್ಲ, ಆ ಸದ್ದಿಗೆ ಹೇಳಲು ಕಥೆ ಬೇಕಿತ್ತು.

ಎರಡನೆಯ ಮಾನದಂಡ ವಿಜ್ಞಾನದ್ದು. ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ, ನಾರಾಯಣಗಾಂವ್ ಸಮೀಪದ ಖೋಡದ್‌ನಲ್ಲಿ, ತಲಾ 45 ಮೀಟರ್ ವ್ಯಾಸದ 30 ಬಟ್ಟಲು ಆಂಟೆನಾಗಳ ದೈತ್ಯ ರೇಡಿಯೋ ದೂರದರ್ಶಕವಿದೆ. ಬಾಹ್ಯಾಕಾಶದಿಂದ ಬರುವ ಅತಿ ಕ್ಷೀಣ ರೇಡಿಯೋ ಅಲೆಗಳನ್ನು ಹಿಡಿಯುವ ಈ ಉಪಕರಣಕ್ಕೆ ಮೊಬೈಲ್ ಮುಂತಾದವುಗಳ ಅಲೆಗಳ ಅಡಚಣೆ ನಿಜವಾದ, ಅಳೆಯಬಹುದಾದ ತೊಡಕು. ಹಕ್ಕಿಗಳ ಮೇಲೆ ಅದೇ ಅಲೆಗಳ ಪರಿಣಾಮ ಎಷ್ಟೆಂಬುದು ಮಾತ್ರ ಚರ್ಚೆಯಲ್ಲಿರುವ ವಿಷಯ. ಕೇಂದ್ರ ಪರಿಸರ ಸಚಿವಾಲಯ 2010ರಲ್ಲಿ ಅದಕ್ಕಾಗಿ ತಜ್ಞರ ಸಮಿತಿಯನ್ನೇ ನೇಮಿಸಿತ್ತು, 2012ರಲ್ಲಿ ಗೋಪುರಗಳ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಟ್ಟದ ಹತ್ತನೇ ಒಂದು ಭಾಗಕ್ಕೆ ಇಳಿಸಲಾಯಿತು. ವೈಜ್ಞಾನಿಕ ಕಥೆಗೆ ಇಂಥ ಅನಿಶ್ಚಯವೇ ಫಲವತ್ತಾದ ನೆಲ. ‘2.0’ ಆ ನೆಲವನ್ನು ಉಳದೆ, ಸತ್ತವನ ಪ್ರಭಾವಳಿ, ಅಂದರೆ ದೇಹದ ಸುತ್ತ ಇರುವುದೆಂದು ನಂಬಲಾಗುವ ತೇಜಸ್ಸು, ಋಣಶಕ್ತಿಯಾಗಿ ಕಾಡುತ್ತದೆಂದು ಹೇಳಿ ದೆವ್ವದ ಕಥೆಗೆ ಭೌತಶಾಸ್ತ್ರದ ಪದಗಳನ್ನು ತೊಡಿಸುತ್ತದೆ. ಚಿತ್ರ ಅವೈಜ್ಞಾನಿಕ ಭಯ ಹುಟ್ಟಿಸುತ್ತದೆಂದು ಮೊಬೈಲ್ ಕಂಪನಿಗಳ ಒಕ್ಕೂಟ ಬಿಡುಗಡೆಗೆ ಮುನ್ನ ದೂರು ಸಲ್ಲಿಸಿದ್ದು ಸ್ವಹಿತದ ಮಾತೇ ಇರಬಹುದು, ಆದರೆ ಆ ದೂರಿಗೆ ಎಡೆಮಾಡಿಕೊಟ್ಟದ್ದು ಈ ಸಡಿಲತನವೇ.

ಮೂರು ಆಯಾಮಗಳಲ್ಲೇ ಚಿತ್ರೀಕರಿಸಿದ ಭಾರತೀಯ ಚಿತ್ರವಾಗಿ, ದೃಶ್ಯಪರಿಣಾಮಗಳ ಸಾಹಸವಾಗಿ ‘2.0’ ನೆನಪಿನಲ್ಲಿ ಉಳಿಯಬಲ್ಲದು. ‘ಎಂದಿರನ್’ನ ಉತ್ತರಭಾಗವಾಗಿ ಅದು ಸೋತ ಚಿತ್ರ.