ಮುಚ್ಚಳದ ಮಹಾತ್ಮೆ

ಹಳೆಯ ಡೀಸೆಲ್ ಕಾರು ಕೊಳ್ಳಲು ಹೋದವರೆಲ್ಲ ಈ ದೃಶ್ಯವನ್ನು ಕಂಡಿರುತ್ತಾರೆ. ಜೊತೆಗೆ ಬಂದ ಮೆಕ್ಯಾನಿಕ್ ಬಾನೆಟ್ ಎತ್ತುತ್ತಾನೆ. ಎಂಜಿನ್ ಚಾಲೂ ಇರುವಾಗಲೇ ಆಯಿಲ್ ಮುಚ್ಚಳ ತಿರುಗಿಸಿ ತೆಗೆದು, ಅದನ್ನು ಬೋರಲು ಮಾಡಿ ಅದೇ ಬಾಯಿಯ ಮೇಲೆ ಇಡುತ್ತಾನೆ. ಸುತ್ತ ನಿಂತವರ ಮಾತು ನಿಲ್ಲುತ್ತದೆ. ಮುಚ್ಚಳ ಸುಮ್ಮನೆ ಕೂತರೆ ಎಂಜಿನ್ ಗಟ್ಟಿ. ಕುಣಿದರೆ, ಸಂದಿನಿಂದ ಹೊಗೆ ಎದ್ದರೆ, ‘ಬ್ಯಾಕ್ ಕಂಪ್ರೆಷನ್ ಇದೆ ಸಾರ್, ಎಂಜಿನ್ ಕೆಲಸ ಬರುತ್ತೆ.’ ಅಲ್ಲಿಗೆ ಮುಗಿಯಿತು. ಮಾರುವವನು ಹತ್ತಿಪ್ಪತ್ತು ಸಾವಿರ ಇಳಿಸುತ್ತಾನೆ, ಇಲ್ಲವೇ ಕೊಳ್ಳುವವನು ಚಪ್ಪಲಿ ಮೆಟ್ಟುತ್ತಾನೆ.

ಈ ಪರೀಕ್ಷೆಗೆ ಸಲ್ಲುತ್ತಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು ಎಂಬುದು ನನ್ನ ವಾದ. ನಾನು ತಟಸ್ಥನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮುಚ್ಚಳವನ್ನು ನಂಬಿ ಒಂದು ಒಳ್ಳೆಯ ಕಾರನ್ನು ಬಿಟ್ಟೆ, ಒಂದು ಕೆಟ್ಟದ್ದನ್ನು ಮನೆಗೆ ತಂದೆ. ಎರಡೂ ಟರ್ಬೊ ಇದ್ದ ಕಾಮನ್ ರೈಲ್ ಡೀಸೆಲ್ ಕಾರುಗಳು. ಯಾವ ಕಂಪನಿಯವು ಎಂಬುದು ಈ ಚರ್ಚೆಗೆ ಬೇಡ. ಪಿಸ್ಟನ್, ರಿಂಗು, ಬೋರು ಎಂದರೇನೆಂದು ವಿವರಿಸುತ್ತಲೂ ಕೂರುವುದಿಲ್ಲ. ಫಿಯಟ್‌ನ 1248 ಸಿಸಿ ಮಲ್ಟಿಜೆಟ್ ಎಂಜಿನ್ ಸ್ವಿಫ್ಟ್, ಡಿಜೈರ್, ವಿಸ್ಟಾ, ಪುಂಟೊಗಳ ಒಳಹೊಕ್ಕು ‘ರಾಷ್ಟ್ರೀಯ ಡೀಸೆಲ್ ಎಂಜಿನ್’ ಎನಿಸಿಕೊಂಡದ್ದು, 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ನಮ್ಮಲ್ಲಿ ಮರೆಯಾದದ್ದು ಎಲ್ಲರಿಗೂ ಗೊತ್ತಿರುವ ಕತೆ. ಸಣ್ಣ ಡೀಸೆಲ್ ಕಾರು ಬೇಕೆಂದರೆ ಈಗ ಬಹುಮಟ್ಟಿಗೆ ಇನ್ನೊಬ್ಬರು ಓಡಿಸಿ ಬಿಟ್ಟದ್ದೇ ಗತಿ. ಹಾಗಾಗಿ ಅದರ ಕಾಯಿಲೆ ಪತ್ತೆಹಚ್ಚುವ ವಿದ್ಯೆಗೆ ಹಿಂದೆಂದೂ ಇಲ್ಲದ ಬೆಲೆ ಬಂದಿದೆ. ಅದೇ ಹೊತ್ತಿಗೆ ಆ ವಿದ್ಯೆ ಒಂದು ಪ್ಲಾಸ್ಟಿಕ್ ಮುಚ್ಚಳಕ್ಕೆ ಇಳಿದಿದೆ.

ಮುಚ್ಚಳಕ್ಕೆ ಈ ಕೀರ್ತಿ ಸುಮ್ಮನೆ ಬಂದದ್ದಲ್ಲ. ಡೀಸೆಲ್ ಅಂಬಾಸಿಡರ್, ಹಳೆಯ ಜೀಪುಗಳ ಕಾಲದಲ್ಲಿ ಅದು ಸರಿಯಾದ ಪರೀಕ್ಷೆಯೇ ಆಗಿತ್ತು. ಆ ಎಂಜಿನ್ನುಗಳಿಗೆ ಟರ್ಬೊ ಇರಲಿಲ್ಲ. ಆಡುಗೋಡಿಯ ಮೈಕೋ ಕಾರ್ಖಾನೆಯ ಹೆಸರು ಹೊತ್ತ ಪಂಪು ಡೀಸೆಲ್ ಅಳೆದು ಕೊಡುತ್ತಿತ್ತು, ಇಂಜೆಕ್ಟರ್ ಆ ಡೀಸೆಲ್ಲಿನ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದಾಗ ಬಾಯಿ ತೆರೆಯುತ್ತಿತ್ತು. ಸಂಪಿನೊಳಗೆ ಒತ್ತಡ ಎದ್ದಿತೆಂದರೆ ಅದು ಬಹುಪಾಲು ರಿಂಗುಗಳನ್ನು ದಾಟಿ ಬಂದ ಗಾಳಿಯೇ. ಬೇರೆ ದಾರಿಗಳು ಕಡಿಮೆ. ಇದ್ದ ಒಂದು ಪಠ್ಯಕ್ಕೆ ಹೊಂದುವ ಓದು ಅದು. ಪಠ್ಯ ಬದಲಾಯಿತು, ಓದು ಬದಲಾಗಲಿಲ್ಲ.

ಈಗ ಮುಚ್ಚಳ ಕುಣಿಯುವ ಆ ಅರ್ಧ ನಿಮಿಷವನ್ನು ನಿಧಾನವಾಗಿ ನೋಡೋಣ. ಅದನ್ನು ಮೇಲಕ್ಕೆ ತಳ್ಳುತ್ತಿರುವುದು ಏನು?

ರಿಂಗು ದಾಟಿ ಬಂದ ಗಾಳಿ ಇರಬಹುದು, ಸರಿ. ಎಷ್ಟೇ ಹೊಸ ಎಂಜಿನ್ನಿನಲ್ಲೂ ಅದು ಸ್ವಲ್ಪ ಇದ್ದೇ ಇರುತ್ತದೆ. ಆ ಗಾಳಿಯನ್ನು ಮರಳಿ ಎಂಜಿನ್ನಿನ ಬಾಯಿಗೇ ಸಾಗಿಸಲು ಬ್ರೀದರ್ ಪೈಪು, ಆಯಿಲ್ ಬೇರ್ಪಡಿಸುವ ಒಂದು ಸಣ್ಣ ಕೋಣೆ ಇರುತ್ತವೆ. ಅಲ್ಲಿ ಜಿಡ್ಡು ಕಟ್ಟಿದರೆ ಗಟ್ಟಿಮುಟ್ಟಾದ ಎಂಜಿನ್ನಿನ ಗಾಳಿಯೂ ಮುಚ್ಚಳದ ಕಡೆಗೇ ನುಗ್ಗುತ್ತದೆ. ಎರಡನೆಯದು ಟರ್ಬೊ. ಅದರ ಸೀಲು ಸವೆದರೆ ಗಾಳಿ, ಹೊಗೆ ಎರಡೂ ಆಯಿಲ್ ಇಳಿಯುವ ಕೊಳವೆಯಲ್ಲಿ ಸಂಪಿಗೆ ಬರುತ್ತವೆ. ಮೂರನೆಯದು ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್. ಅದು ಸೋತರೆ ಕೆಲವು ಎಂಜಿನ್ನುಗಳಲ್ಲಿ ಉರಿಯ ಒತ್ತಡ ನೇರ ಮೇಲಿನ ಕವರ್ ಒಳಗೇ ಬಂದು ಬೀಳುತ್ತದೆ. ನಾಲ್ಕನೆಯದನ್ನು ಯಾರೂ ನೆನೆಯುವುದಿಲ್ಲ. ಡೀಸೆಲ್ ಕಾರಿನ ಬ್ರೇಕಿಗೆ ಬೇಕಾದ ನಿರ್ವಾತವನ್ನು ಒಂದು ಪಂಪು ಹುಟ್ಟಿಸುತ್ತದೆ. ಅದು ಎಳೆದ ಗಾಳಿಯನ್ನು ಎಂಜಿನ್ನಿನೊಳಕ್ಕೇ ಬಿಡುತ್ತದೆ. ಬ್ರೇಕ್ ಬೂಸ್ಟರಿನ ಪೊರೆಯೋ ಪೈಪೋ ಸೀಳಿದರೆ ಪಂಪು ಬಿಡುವಿಲ್ಲದೆ ಹೊರಗಿನ ಗಾಳಿಯನ್ನು ಎಳೆದು ಸಂಪಿಗೆ ತುಂಬುತ್ತಿರುತ್ತದೆ. ಕುಣಿಯುವ ಮುಚ್ಚಳದ ಹಿಂದೆ ಬ್ರೇಕಿನ ಒಂದು ರಬ್ಬರ್ ತುಂಡಿದ್ದರೂ ಮೆಕ್ಯಾನಿಕ್ ‘ಬೋರು ಸವೆದಿದೆ’ ಎನ್ನುತ್ತಾನೆ. ಬರೀ ಅದುರಿಗೆ ಕುಣಿಯುವ ಮುಚ್ಚಳಗಳ ಲೆಕ್ಕ ಬೇರೆ. ಎಂಜಿನ್ ಮೌಂಟಿಂಗ್ ಸಡಿಲವಾಗಿದ್ದರೆ ಮುಚ್ಚಳವೇನು, ಅದರ ಮೇಲಿಟ್ಟ ನಾಣ್ಯವೂ ಕುಣಿಯುತ್ತದೆ.

ಅಂದರೆ ಈ ಪರೀಕ್ಷೆ ನಾಲ್ಕೈದು ಸಂಗತಿಗಳ ಮೊತ್ತವನ್ನು ತೋರಿಸುತ್ತದೆ, ಯಾವುದು ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಎರಡು ಸಾವಿರದ ಪೈಪಿಗೂ ಎಂಬತ್ತು ಸಾವಿರದ ಎಂಜಿನ್ ಕೆಲಸಕ್ಕೂ ಅದರ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ.

ಇನ್ನು ಸುಮ್ಮನೆ ಕೂತ ಮುಚ್ಚಳ. ನನಗೆ ಹೆಚ್ಚು ಸಿಟ್ಟು ಬರುವುದು ಇದರ ಮೇಲೆ. ವಾಲ್ವ್ ಸುಟ್ಟಿದ್ದರೆ ಕಂಪ್ರೆಷನ್ ಸೋರುವುದು ಸೈಲೆನ್ಸರ್ ಕಡೆಗೋ ಮ್ಯಾನಿಫೋಲ್ಡ್ ಕಡೆಗೋ. ಮುಚ್ಚಳಕ್ಕೆ ಸುದ್ದಿ ಮುಟ್ಟುವುದಿಲ್ಲ. ಟೈಮಿಂಗ್ ಚೈನ್ ಉದ್ದವಾಗಿದ್ದರೂ ಮುಟ್ಟುವುದಿಲ್ಲ. ಇಂಜೆಕ್ಟರ್ ಸವೆದಿದ್ದರೂ ಇಲ್ಲ, ಇಜಿಆರ್ ಮಸಿ ಕಟ್ಟಿದ್ದರೂ ಇಲ್ಲ. ಮಾರುವವನು ಹಿಂದಿನ ದಿನ ದಪ್ಪನೆಯ ಆಯಿಲ್ ತುಂಬಿಸಿ ಇಟ್ಟಿದ್ದರೆ ಸವೆದ ರಿಂಗೂ ಒಂದೆರಡು ದಿನ ಸಭ್ಯವಾಗಿರುತ್ತದೆ. ಅಲ್ಲದೆ ಈ ಪರೀಕ್ಷೆ ನಡೆಯುವುದು ಐಡಲ್‌ನಲ್ಲಿ, ಎಂಜಿನ್ ಮೇಲೆ ಯಾವ ಭಾರವೂ ಇಲ್ಲದಾಗ. ರಿಂಗುಗಳ ನಿಜವಾದ ಪರೀಕ್ಷೆ ಚಾರ್ಮಾಡಿ ಘಾಟಿಯಲ್ಲಿ ಐದು ಜನರನ್ನು ಕೂರಿಸಿಕೊಂಡು ಮೂರನೇ ಗೇರಿನಲ್ಲಿ ಏರುವಾಗ. ಅಲ್ಲಿ ಯಾರೂ ಮುಚ್ಚಳ ತೆಗೆಯುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ, ಸುಮ್ಮನಿರುವ ಮುಚ್ಚಳವೆಲ್ಲ ಆರೋಗ್ಯವೂ ಅಲ್ಲ.

ಇಷ್ಟು ಹೇಳಿದ ಕೂಡಲೇ ಎರಡು ಪಂಗಡದವರು ಎದ್ದು ನಿಲ್ಲುತ್ತಾರೆ. ಮೊದಲನೆಯವರು ಕಿವಿವಾದಿಗಳು. ‘ಹಳೇ ಮೇಸ್ತ್ರಿಗಳು ಶಬ್ದ ಕೇಳಿಯೇ ಹೇಳಿಬಿಡುತ್ತಿದ್ದರು’ ಎಂಬುದು ಇವರ ಪಲ್ಲವಿ. ಹೇಳುತ್ತಿದ್ದರು, ನಿಜ. ಆದರೆ ಕಾಮನ್ ರೈಲ್ ಎಂಜಿನ್ ಒಂದೇ ಹೊಡೆತಕ್ಕೆ ಡೀಸೆಲ್ ಸುರಿಯುವುದಿಲ್ಲ. ಮೊದಲು ಒಂದು ಹನಿ ಮುನ್ಸೂಚನೆಯಂತೆ, ಆಮೇಲೆ ಮುಖ್ಯ ಧಾರೆ, ಹೀಗೆ ಒಂದು ಚಕ್ರದಲ್ಲೇ ಹಲವು ಕಂತು. ಹಳೆಯ ಡೀಸೆಲ್ಲಿನ ಕಟಕಟ ತಗ್ಗಲೆಂದೇ ಮಾಡಿದ ಏರ್ಪಾಟು ಅದು. 1997ರಲ್ಲಿ ಆಲ್ಫಾ ರೋಮಿಯೊ 156 ಈ ತಂತ್ರವನ್ನು ರಸ್ತೆಗೆ ತಂದಾಗ ಜನ ಮೊದಲು ಮೆಚ್ಚಿದ್ದೇ ಅದರ ಮೆತ್ತನೆಯ ದನಿಯನ್ನು. ಹಳೆಯ ರಾಗಕ್ಕೆ ಪಳಗಿದ ಕಿವಿ ಇಲ್ಲಿ ಅರ್ಧ ಕಿವುಡು. ಆದರೂ ಇವರ ಬಗ್ಗೆ ನನಗೆ ಪ್ರೀತಿಯಿದೆ. ಇವರು ಎಂಜಿನ್ನಿನ ಹತ್ತಿರವಾದರೂ ನಿಲ್ಲುತ್ತಾರೆ.

ಎರಡನೆಯವರು ಸ್ಕ್ಯಾನರ್‌ವಾದಿಗಳು. ನನ್ನ ಜಗಳ ಇವರೊಡನೆ. ಒಂದು ಡಬ್ಬಿಯನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ, ಮೊಬೈಲ್ ನೋಡಿ, ‘ಎರರ್ ಕೋಡ್ ಇಲ್ಲ, ಕ್ಲೀನ್ ಗಾಡಿ’ ಎನ್ನುವವರು. ಮುಚ್ಚಳ ತಿರುಗಿಸುವ ಹುಡುಗನನ್ನು ಇವರು ಅನಾಗರಿಕನೆಂಬಂತೆ ನೋಡುತ್ತಾರೆ. ಆದರೆ ಇಬ್ಬರ ತಪ್ಪೂ ಒಂದೇ ಜಾತಿಯದು: ಒಂದು ಸೂಚನೆಯನ್ನು ತೀರ್ಪೆಂದು ಓದುವುದು.

ಪಿ0087 ಎಂಬ ಕೋಡನ್ನೇ ತೆಗೆದುಕೊಳ್ಳಿ. ಅದು ಹೇಳುವುದಿಷ್ಟೇ: ರೈಲಿನಲ್ಲಿ ಇರಬೇಕಾದ ಒತ್ತಡವಿಲ್ಲ. ಫಿಲ್ಟರ್ ಕಟ್ಟಿದ್ದರೂ ಹಾಗೆ, ಟ್ಯಾಂಕಿನಿಂದ ಬರುವ ದಾರಿಯಲ್ಲಿ ಗಾಳಿ ಹಿಡಿದಿದ್ದರೂ ಹಾಗೆ, ಪಂಪು ಸವೆದಿದ್ದರೂ, ಇಂಜೆಕ್ಟರ್ ಹಿಂದಕ್ಕೆ ಸುರಿಯುತ್ತಿದ್ದರೂ, ಒತ್ತಡ ಅಳೆಯುವ ಸೆನ್ಸಾರೇ ಸುಳ್ಳು ಹೇಳುತ್ತಿದ್ದರೂ ಹಾಗೆಯೇ. ಕೋಡು ಎಂದರೆ ದೂರು. ಪೊಲೀಸ್ ಠಾಣೆಗೆ ಬಂದ ದೂರನ್ನೇ ತೀರ್ಪೆಂದು ಓದಿದರೆ ಏನಾಗುತ್ತದೋ ಗ್ಯಾರೇಜಿನಲ್ಲೂ ಅದೇ ಆಗುತ್ತದೆ: ಮೊದಲು ಕೈಗೆ ಸಿಕ್ಕ ಸೆನ್ಸಾರಿಗೆ ಶಿಕ್ಷೆ. ಇನ್ನು ಕೋಡ್ ಇಲ್ಲದಿರುವುದು? ಅದನ್ನು ಅಳಿಸಲು ಒಂದು ನಿಮಿಷ ಸಾಕು. ಅಳಿಸಿದ ಮೇಲೆ ಕಾರು ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕವನ್ನು ಎಷ್ಟೋ ಕಾರುಗಳು ತಾವೇ ಬರೆದಿಟ್ಟುಕೊಂಡಿರುತ್ತವೆ. ಅದೇ ಡಬ್ಬಿಯಲ್ಲಿ ಅದನ್ನು ಓದಬಹುದು. ‘ಕ್ಲೀನ್ ಗಾಡಿ’ ಎಂದವರಲ್ಲಿ ಆ ಸಾಲನ್ನು ತೆರೆದು ನೋಡಿದವರನ್ನು ನಾನು ಇನ್ನೂ ಕಂಡಿಲ್ಲ. ಹನ್ನೊಂದು ಕಿಲೋಮೀಟರ್ ಹಿಂದೆ ಎಲ್ಲ ಅಳಿಸಿದ ಕಾರನ್ನು ನಿರ್ದೋಷಿ ಎನ್ನುವುದು ಹರಿದ ಪುಟವನ್ನು ಖಾಲಿ ಪುಟ ಎಂದಂತೆ. ಸ್ಕ್ಯಾನರ್ ಬಡ ಉಪಕರಣವಲ್ಲ. ಕೇಳಿದ ಒತ್ತಡ ಎಷ್ಟು, ಸಿಕ್ಕ ಒತ್ತಡ ಎಷ್ಟು, ಯಾವ ಸಿಲಿಂಡರಿಗೆ ಎಂಜಿನ್ ಎಷ್ಟು ಡೀಸೆಲ್ ಹೆಚ್ಚಿಗೆ ಕೊಟ್ಟು ಸರಿತೂಗಿಸುತ್ತಿದೆ ಎಂಬುದನ್ನು ಒಳ್ಳೆಯ ಸ್ಕ್ಯಾನರ್ ಕಣ್ಣೆದುರೇ ತೋರಿಸುತ್ತದೆ. ಅದರ ಭಕ್ತರು ಮಾತ್ರ ಕೆಂಪು ದೀಪ, ಹಸಿರು ದೀಪದ ಆಚೆ ಹೋಗುವುದಿಲ್ಲ.

ಈ ಗದ್ದಲದಲ್ಲಿ ಮೂಲೆಗೆ ಬಿದ್ದಿರುವುದು ಒಂದು ಬಡಪಾಯಿ ಪರೀಕ್ಷೆ: ರಿಟರ್ನ್ ಟೆಸ್ಟ್. ಪ್ರತಿ ಇಂಜೆಕ್ಟರಿನ ತಲೆಯ ಮೇಲೂ, ಬಳಸದೆ ಉಳಿದ ಡೀಸೆಲ್ ಟ್ಯಾಂಕಿಗೆ ಮರಳಲು ಒಂದು ಸಣ್ಣ ದಾರಿಯಿರುತ್ತದೆ. ಅದಕ್ಕೆ ಪಾರದರ್ಶಕ ಕೊಳವೆ ಸಿಕ್ಕಿಸಿ, ನಾಲ್ಕು ಕೊಳವೆಗೆ ಒಂದೇ ಅಳತೆಯ ನಾಲ್ಕು ಬಾಟಲಿ ಇಟ್ಟು, ಎಂಜಿನ್ನನ್ನು ಕೆಲವು ನಿಮಿಷ ಓಡಿಸುವುದು. ಅಷ್ಟೇ. ಒಳಗಿನ ವಾಲ್ವ್ ಸವೆದ ಇಂಜೆಕ್ಟರ್ ಒತ್ತಡ ಹಿಡಿಯಲಾರದೆ ಹಿಂದಕ್ಕೆ ಸುರಿಯುತ್ತದೆ; ಅದರ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತದೆ.

ಇದರ ಗುಣ ಇರುವುದು ಹೋಲಿಕೆಯಲ್ಲಿ. ಮುಚ್ಚಳ ಇಡೀ ಎಂಜಿನ್ನಿನ ಬಗ್ಗೆ ಒಂದು ಮಾತು ಗೊಣಗುತ್ತದೆ. ಬಾಟಲಿಗಳು ನಾಲ್ಕು ಸಾಕ್ಷಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತವೆ. ಒಂದೇ ಡೀಸೆಲ್, ಒಂದೇ ಬಿಸಿ, ಒಂದೇ ಒತ್ತಡ, ಒಂದೇ ಹೊತ್ತು. ಮೂರು ಒಂದು ಮಾತು ಹೇಳಿ ನಾಲ್ಕನೆಯದು ಬೇರೆ ಹೇಳಿದರೆ, ಬೊಟ್ಟು ಎಲ್ಲಿಗೆ ತೋರಬೇಕೆಂದು ಯೋಚಿಸಬೇಕಾಗಿಲ್ಲ.

ನನ್ನ ಕಾರಿನ ಕತೆ ಇಲ್ಲಿ ಬರಬೇಕು. ಬೆಳಗ್ಗೆ ಒಂದೇ ಸೆಲ್ಫಿಗೆ ಎದ್ದು ಕೂರುತ್ತಿತ್ತು. ತುಮಕೂರು ರಸ್ತೆಯಲ್ಲಿ ಒಂದು ಗಂಟೆ ಓಡಿಸಿ ಟೀ ಕುಡಿದು ಬಂದರೆ ಏಳುತ್ತಿರಲಿಲ್ಲ. ಎಂಟು, ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಬೇಕು. ಒಬ್ಬ ಬ್ಯಾಟರಿ ಎಂದ. ಇನ್ನೊಬ್ಬ ಗ್ಲೋ ಪ್ಲಗ್ ಬದಲಿಸಿದ. ಮೂರನೆಯವನು ಸ್ಕ್ಯಾನರ್ ಹಾಕಿ ರೈಲಿನ ಸೆನ್ಸಾರ್ ಬದಲಿಸಿದ. ಒಬ್ಬರೂ ಲಕ್ಷಣದ ಹೊತ್ತನ್ನು ಕೇಳಲಿಲ್ಲ. ಗ್ಲೋ ಪ್ಲಗ್ ಸತ್ತಿದ್ದರೆ ತೊಂದರೆ ಚಳಿಯ ಬೆಳಗಿನಲ್ಲಿ ಬರಬೇಕು; ಬೆಂಗಳೂರಿನ ಹವೆಯಲ್ಲಿ ನೇರ ಇಂಜೆಕ್ಷನ್ ಡೀಸೆಲ್ ಸಾಮಾನ್ಯವಾಗಿ ಗ್ಲೋ ಪ್ಲಗ್ ಇಲ್ಲದೆಯೂ ಎದ್ದುಬಿಡುತ್ತದೆ. ತಣ್ಣಗಿದ್ದಾಗ ಸಲೀಸು, ಬಿಸಿಯಾದಾಗ ಕಷ್ಟ ಎಂದರೆ ಬೇರೆಯೇ ಅರ್ಥ. ಬಿಸಿ ಡೀಸೆಲ್ ತೆಳುವಾಗುತ್ತದೆ, ಸವೆದ ಸಂದಿನಲ್ಲಿ ಸುಲಭವಾಗಿ ನುಸುಳುತ್ತದೆ. ಸೆಲ್ಫಿನ ನಿಧಾನ ಸುತ್ತಿಗೆ, ಎಂಜಿನ್ ಹೊತ್ತಿಕೊಳ್ಳಲು ಬೇಕಾದ ಸುಮಾರು 200 ಬಾರ್ ಒತ್ತಡ ಕೂಡುವುದೇ ಇಲ್ಲ. ಕಾಯಿಲೆಯ ಹೆಸರು ಗಡಿಯಾರದಲ್ಲೇ ಬರೆದಿತ್ತು.

ಬಿಟ್ಟ ಕಾರಿನದೂ ಹೇಳಿಬಿಡುತ್ತೇನೆ. ಮುಚ್ಚಳ ಕುಣಿದದ್ದಕ್ಕೆ ನಾನು ಬೇಡವೆಂದ ಆ ಕಾರನ್ನು ನನ್ನ ಸಹೋದ್ಯೋಗಿಯೊಬ್ಬರು ಕೊಂಡರು. ಬ್ರೀದರ್ ಬಿಚ್ಚಿ ಜಿಡ್ಡು ತೊಳೆಸಿದರು. ಮುಚ್ಚಳ ಸುಮ್ಮನಾಯಿತು. ನಾಲ್ಕು ವರ್ಷದಿಂದ ಅದೇ ಕಾರಿನಲ್ಲಿ ಆಫೀಸಿಗೆ ಬರುತ್ತಿದ್ದಾರೆ, ನನ್ನನ್ನು ನೋಡಿದಾಗಲೆಲ್ಲ ಹಾರ್ನ್ ಹೊಡೆಯುತ್ತಾರೆ.

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬಾಟಲಿ ಪರೀಕ್ಷೆಯೂ ಸರ್ವಜ್ಞನಲ್ಲ. ಯಾವುದು ಹಿಂದಕ್ಕೆ ಸುರಿಯುತ್ತದೆ ಎನ್ನುತ್ತದೆ, ಯಾವುದು ಮುಂದಕ್ಕೆ ಕೆಟ್ಟದಾಗಿ ಸಿಂಪಡಿಸುತ್ತದೆ ಎನ್ನಲಾರದು. ನಾಲ್ಕೂ ಸಮನಾಗಿ ಸವೆದಿದ್ದರೆ ಹೋಲಿಕೆಯೇ ಮೋಸ ಮಾಡುತ್ತದೆ. ಹಿಂದಿನ ದಾರಿಯಲ್ಲೂ ಒತ್ತಡ ಬೇಕಾದ ಪಿಯೆಜೊ ಇಂಜೆಕ್ಟರಿಗೆ ಈ ಸರಳ ಬಾಟಲಿ ನಡೆಯದು. ಮುಚ್ಚಳಕ್ಕೂ ಒಂದು ಜಾಗವಿದೆ: ಬುಸುಗುಟ್ಟುವ ಉಗಿಬಂಡಿಯಂತೆ ಹೊಗೆ ಉಗುಳಿದರೆ ಅಲ್ಲಿ ಏನೋ ಕೆಟ್ಟಿದೆ, ಮುಂದೆ ಸಿಲಿಂಡರ್ ಸಿಲಿಂಡರಾಗಿ ಕಂಪ್ರೆಷನ್ ಅಳೆಯಿರಿ ಎಂದಿಷ್ಟು ಹೇಳಬಲ್ಲದು. ಅದು ಪ್ರಶ್ನೆ ಎತ್ತಲು ಯೋಗ್ಯ. ಬೆಲೆ ಕಟ್ಟಲು ಅಲ್ಲ. ಅದಕ್ಕಿಂತ ಮೊದಲು ಬೆಳಗ್ಗೆ ಆರಕ್ಕೆ ಹೇಳದೆ ಕೇಳದೆ ಹೋಗಿ ಎಂಜಿನ್ ಮೇಲೆ ಅಂಗೈ ಇಡಿ. ಬಿಸಿಯಿದ್ದರೆ ನಿಮಗಿಂತ ಮೊದಲೇ ಯಾರೋ ಎದ್ದು ತಿದ್ದುಪಡಿ ಮುಗಿಸಿದ್ದಾರೆ ಎಂದರ್ಥ.

ಕೊನೆಗೆ ನನ್ನ ಕಾರಿಗೆ ಬಾಟಲಿ ಕಟ್ಟಿದವನು ನಾಲ್ಕನೇ ಮೆಕ್ಯಾನಿಕ್. ಎಂಜಿನ್ ಓಡುತ್ತಿತ್ತು, ಒಂದು, ಎರಡು, ನಾಲ್ಕನೇ ಬಾಟಲಿಗಳ ತಳ ಮಾತ್ರ ಒದ್ದೆಯಾಗಿತ್ತು. ಕಾಯುವ ಹೊತ್ತಿನ ಬೇಸರಕ್ಕೋ, ಕೈಯ ಅಭ್ಯಾಸಕ್ಕೋ ಅವನು ಆಯಿಲ್ ಮುಚ್ಚಳ ತಿರುಗಿಸಿ ಬೋರಲು ಹಾಕಿದ. ಅದು ಕದಲಲಿಲ್ಲ. ‘ನೋಡಿ ಸಾರ್, ಎಂಜಿನ್ ಕಲ್ಲಿದ್ದಂಗಿದೆ’ ಎಂದು ನಕ್ಕ. ಅಷ್ಟರಲ್ಲಿ ಮೂರನೇ ಬಾಟಲಿ ತುಂಬಿ ಅವನ ಚಪ್ಪಲಿಯ ಮೇಲೆ ಚೆಲ್ಲುತ್ತಿತ್ತು.