ಹರ್-2 ಪರೀಕ್ಷೆಯನ್ನು ಎಲ್ಲಿಯವರೆಗೆ ನಂಬಬಹುದು?

ಸ್ತನದ ಜೀವಕೋಶಗಳ ಹೊರಪೊರೆಯಲ್ಲಿ ಹರ್-2 ಎಂಬ ಪ್ರೋಟೀನ್ ಇರುತ್ತದೆ. ಬೆಳೆಯಲು, ಇಬ್ಭಾಗವಾಗಲು ಬೇಕಾದ ಸಂಕೇತವನ್ನು ಕೋಶದೊಳಕ್ಕೆ ದಾಟಿಸುವುದು ಅದರ ಕೆಲಸ. 17ನೇ ವರ್ಣತಂತುವಿನಲ್ಲಿರುವ ಅದರ ಜೀನ್ ಹಲವು ಪ್ರತಿಗಳಾದಾಗ ಪೊರೆಯ ತುಂಬ ಹರ್-2 ಕಿಕ್ಕಿರಿಯುತ್ತದೆ, ಬೆಳವಣಿಗೆಯ ಸಂಕೇತ ನಿಲ್ಲುವುದೇ ಇಲ್ಲ. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ. 15ರಿಂದ 20ರಷ್ಟು ಇಂಥವು. ಈ ಬಗೆಯ ರೋಗ ಬೇಗ ಮರುಕಳಿಸುತ್ತದೆ ಎಂದು ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಹರ್-2ಕ್ಕೆ ಅಂಟಿಕೊಂಡು ಅದನ್ನು ತಡೆಯುವ ಔಷಧ ಟ್ರಾಸ್ಟುಜುಮ್ಯಾಬ್‌ಗೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಬೆಂಗಳೂರಿನ ಬಯೋಕಾನ್ ಇದಕ್ಕೆ ಸಮನಾದ ಔಷಧವನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು.

ಈ ಔಷಧ ಯಾರಿಗೆ ಎಂಬುದನ್ನು ನಿರ್ಧರಿಸುವುದು ಗಡ್ಡೆಯ ತುಣುಕಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆ. ಹರ್-2 ಎಷ್ಟಿದೆ ಎಂಬ ಫಲಿತಾಂಶ 0, 1+, 2+, 3+ ಎಂದು ಬರುತ್ತದೆ. 3+ ಎಂದರೆ ಔಷಧ ಕೊಡಬೇಕು. 2+ ಎಂದರೆ ಜೀನ್ ಪ್ರತಿಗಳನ್ನೇ ಎಣಿಸುವ ಫಿಶ್ ಪರೀಕ್ಷೆ ಆಗಬೇಕು. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಕನ್ನಡದ ಮನೆಯವರು ರಿಪೋರ್ಟಿನಲ್ಲಿ 2+ ಕಂಡು ಎರಡನೇ ಸ್ಟೇಜ್ ಎಂದು ತಿಳಿದರೆ ಅಚ್ಚರಿಯಿಲ್ಲ. ಇವೆರಡಕ್ಕೂ ಸಂಬಂಧವೇ ಇಲ್ಲ. ಅದನ್ನು ಅವರ ಮಾತಿನಲ್ಲೇ ಬಿಡಿಸಿ ಹೇಳುವುದೂ ಚಿಕಿತ್ಸೆಯ ಭಾಗವೇ.

ಒಂದು ಪ್ರೋಟೀನು, ಅದಕ್ಕೊಂದು ಔಷಧ, ಎರಡನ್ನೂ ಕೂಡಿಸುವ ಒಂದು ಪರೀಕ್ಷೆ: ಕ್ಯಾನ್ಸರ್ ವೈದ್ಯದಲ್ಲಿ ಇಷ್ಟು ಸ್ಪಷ್ಟವಾದ ಜೋಡಣೆ ಅಪರೂಪ. ಆದರೆ ಇದರ ಬಲವೆಲ್ಲ, ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್ ದ್ರವದ ಡಬ್ಬಿಯನ್ನು ಅವಲಂಬಿಸಿದೆ. ತೆಗೆದ ಅಂಗಾಂಶ ಒಂದು ಗಂಟೆಯೊಳಗೆ ಫಾರ್ಮಲಿನ್ನಿಗೆ ಬೀಳಬೇಕು, 6ರಿಂದ 72 ಗಂಟೆ ಅದರಲ್ಲಿರಬೇಕು. ಫಾರ್ಮಲಿನ್ ಒಳಗಿಳಿಯುವುದು ಗಂಟೆಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಹೀಗಾಗಿ ಇಡೀ ಸ್ತನವನ್ನು ಸೀಳದೆ ಸಣ್ಣ ಡಬ್ಬಿಗೆ ತುರುಕಿ ಕಳಿಸಿದರೆ ಹೊರಗೆ ಗಟ್ಟಿಯಾಗಿ ಕಾಣುವ ಗಡ್ಡೆ ಒಳಗೆ ಕೆಡುತ್ತಿರುತ್ತದೆ. ಇದ್ದ ಹರ್-2 ಸ್ಲೈಡಿನಲ್ಲಿ ಕಾಣದೆ ಹೋಗಬಹುದು. ಆಗ ಬೇಕಾದವಳಿಗೆ ಔಷಧ ತಪ್ಪುತ್ತದೆ. ತಪ್ಪಿ 3+ ಬಂದರೂ ಕಷ್ಟವೇ: ಮೂರು ವಾರಕ್ಕೊಮ್ಮೆ, ಒಂದು ವರ್ಷ ಔಷಧ, ಜೊತೆಗೆ ಹೃದಯ ದುರ್ಬಲವಾಗುವ ಅಪಾಯ.

ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾದದ್ದು ಅದೇ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ. ಹಳ್ಳಿಹಳ್ಳಿಯ ರೋಗಿಗಳನ್ನು ಲೆಕ್ಕಕ್ಕೆ ತಂದ ಆ ಶಿಸ್ತು ಶಸ್ತ್ರಕ್ರಿಯೆಯ ನಂತರದ ಮೊದಲ ಗಂಟೆಗೂ ಬೇಕು. ಗಡ್ಡೆ ತೆಗೆದ ಹೊತ್ತು, ಫಾರ್ಮಲಿನ್ನಿಗೆ ಹಾಕಿದ ಹೊತ್ತು ಎರಡನ್ನೂ ಡಬ್ಬಿಯ ಮೇಲೆ ಬರೆಯಲು ಖರ್ಚೇನೂ ಇಲ್ಲ. ಅದಕ್ಕಿಂತ ಒಳ್ಳೆಯದು, ಶಸ್ತ್ರಕ್ರಿಯೆಗೆ ಮುಂಚೆ ಸೂಜಿ ಬಯಾಪ್ಸಿಯಲ್ಲೇ ಪರೀಕ್ಷೆ ಮುಗಿಸುವುದು. ಎಳೆಯಂಥ ಆ ತುಣುಕಿನೊಳಕ್ಕೆ ಫಾರ್ಮಲಿನ್ ಬೇಗ ಇಳಿಯುತ್ತದೆ.

2022ರಿಂದ ಟ್ರಾಸ್ಟುಜುಮ್ಯಾಬ್ ಡೆರಕ್ಸ್‌ಟೆಕಾನ್ ಎಂಬ ಹೊಸ ಔಷಧ, ಹರ್-2 ಕಡಿಮೆ ಇರುವ ಹರಡಿದ ರೋಗಕ್ಕೂ ಬಳಕೆಗೆ ಬಂದಿದೆ. ಈಗ 0 ಮತ್ತು 1+ ನಡುವಿನ ಗೆರೆಯೂ ಮುಖ್ಯವಾಯಿತು. ಈ ಪರೀಕ್ಷೆ ರೂಪುಗೊಂಡದ್ದು ಅದಕ್ಕಲ್ಲ. ಒಂದೇ ಸ್ಲೈಡಿಗೆ ಇಬ್ಬರು ಪೆಥಾಲಜಿಸ್ಟರು ಬೇರೆಬೇರೆ ಅಂಕ ಕೊಡುವುದು ಇಲ್ಲೇ ಹೆಚ್ಚು. 3+ ಅನ್ನು ನಂಬಿದಷ್ಟು 0 ಅನ್ನು ನಂಬಲಾಗದು. ಅನುಮಾನವಿದ್ದರೆ, ಅಂಗಾಂಶವನ್ನು ಮೇಣದಲ್ಲಿ ಕೂರಿಸಿಟ್ಟ ಪ್ಯಾರಾಫಿನ್ ಬ್ಲಾಕನ್ನೇ ಬೇರೆ ಲ್ಯಾಬಿನಲ್ಲಿ ನೋಡಿಸಬಹುದು. ಫಾರ್ಮಲಿನ್ ಹಂತದಲ್ಲೇ ಕೆಟ್ಟಿದ್ದರೆ ಮಾತ್ರ ಬ್ಲಾಕಿನಿಂದ ಪ್ರಯೋಜನವಿಲ್ಲ, ಬೇರೆ ತುಣುಕೇ ಬೇಕು.